ಬೇಳೆ ಗಿರಣಿಗಳು ಸೇರಿ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟುವುದು ಹೇಗೆ?

ಕಲಬುರಗಿಯ ಕಪನೂರಿನಂಥ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ದಾಲ್ ಮಿಲ್ ನಡೆಸುವವರಿಗೆ ಬಣ್ಣ ನೋಡಿ ಕೆಟ್ಟ ಬೇಳೆಯನ್ನು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವಾಗಲಿ, ಗುಣಮಟ್ಟದ ಪರೀಕ್ಷಾಲಯವಾಗಲಿ ಒಬ್ಬರೇ ಹೊರಲಾಗದ ಖರ್ಚು. ಹತ್ತಾರು ಗಿರಣಿಗಳು ಕೂಡಿ ಅವನ್ನು ಒಂದು ಸಾಮಾನ್ಯ ಸೌಲಭ್ಯ ಕೇಂದ್ರದಲ್ಲಿ ಹೊಂದಲಿ ಎಂಬುದೇ ಸರ್ಕಾರದ ಕ್ಲಸ್ಟರ್ (ಒಂದೇ ಕಡೆ ಇರುವ ಒಂದೇ ಬಗೆಯ ಉದ್ಯಮಗಳ ಗುಂಪು) ಯೋಜನೆಯ ಉದ್ದೇಶ.

ಮೊದಲು ನಷ್ಟವನ್ನು ಅಳೆಯಿರಿ. ತೊಗರಿ ಕಾಳಿನಲ್ಲಿ ಸಿಪ್ಪೆಯ ಪಾಲು ಸುಮಾರು ಶೇ 12ರಿಂದ 15. ಹಾಗಾಗಿ ಕ್ವಿಂಟಲ್ ತೊಗರಿಗೆ 85 ಕಿಲೋ ಆಸುಪಾಸು ಬೇಳೆ ಸಿಗಬೇಕು. ಸಿಗುವುದು 70–75 ಕಿಲೋ ಮಾತ್ರವಾದರೆ ಉಳಿದದ್ದು ನುಚ್ಚು, ಪುಡಿಗಳಾಗಿ ಹೋಗುತ್ತಿದೆ ಎಂದರ್ಥ. ಒಂದು ಹಂಗಾಮಿನ ಪ್ರತಿ ಲಾಟಿನ ತೇವಾಂಶ, ಬೇಳೆ, ನುಚ್ಚು, ಹೊಟ್ಟುಗಳನ್ನು ಬೇರೆ ಬೇರೆಯಾಗಿ ಬರೆದಿಡಿ. ಕಾಳಿಗೆ ಎಣ್ಣೆ ಸವರಿ ದಿನಗಟ್ಟಲೆ ಬಿಸಿಲಿಗೆ ಹರಡುವ ಬದಲು ಬಿಸಿಗಾಳಿಯಿಂದ ಹದಗೊಳಿಸಿ ಸಿಪ್ಪೆ ಬಿಡಿಸುವ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ದಶಕಗಳ ಹಿಂದೆಯೇ ರೂಪಿಸಿದೆ. ಅದು ತಮ್ಮ ಗಿರಣಿಗೆ ಎಷ್ಟು ಉಳಿಸಬಲ್ಲದು ಎಂಬುದನ್ನು ಈ ಲೆಕ್ಕದ ಪುಸ್ತಕವಿಲ್ಲದೆ ಯಾರೂ ಹೇಳಲಾರರು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಮುಕ್ಕಾಲು ಭಾಗ ಇದೇ.

ಆಮೇಲೆ ಪ್ರತಿ ಗಿರಣಿಯೂ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಜಾಲತಾಣವಾದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಲಿ, ಅದಕ್ಕೆ ಶುಲ್ಕವಿಲ್ಲ. ಒಂದೇ ಬಗೆಯ ತೊಂದರೆ ಇರುವ ಗಿರಣಿಗಳು ಸೇರಿ ಈ ಕೇಂದ್ರವನ್ನು ಕಟ್ಟಿ ನಡೆಸಲೆಂದೇ ವಿಶೇಷ ಉದ್ದೇಶ ಸಂಸ್ಥೆಯೊಂದನ್ನು (ಎಸ್‌ಪಿವಿ) ರಚಿಸಿ, ಜಿಲ್ಲಾ ಕೈಗಾರಿಕಾ ಕೇಂದ್ರದ ನೆರವಿನಿಂದ ವಿಸ್ತೃತ ಯೋಜನಾ ವರದಿ ಸಿದ್ಧಪಡಿಸಬೇಕು. ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದ 2022ರ ಮಾರ್ಗಸೂಚಿಯಂತೆ 5ರಿಂದ 10 ಕೋಟಿ ರೂಪಾಯಿ ವೆಚ್ಚದ ಸೌಲಭ್ಯ ಕೇಂದ್ರಕ್ಕೆ ಶೇ 70, ಅದಕ್ಕೂ ಮೇಲೆ 30 ಕೋಟಿಯವರೆಗೆ ಶೇ 60 ಅನುದಾನವಿದೆ. ಹಿಂದುಳಿದವೆಂದು ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಿಗೆ ಇದು ಶೇ 80 ಮತ್ತು 70. ಯಾದಗಿರಿ ಆ ಪಟ್ಟಿಯಲ್ಲಿರುವುದರಿಂದ ಅಲ್ಲಿನ ಉದ್ಯಮಿಗಳು ಈ ಅವಕಾಶವನ್ನು ಕೈಬಿಡಬಾರದು.

ಯಂತ್ರಗಳ ಪಟ್ಟಿಯಲ್ಲಿ ಪರೀಕ್ಷಾಲಯಕ್ಕೆ ಮೊದಲ ಸ್ಥಾನ ಕೊಡಿ. 1994ರಲ್ಲಿ ಗುಣಮಟ್ಟದ ಕಾರಣಕ್ಕೆ ಅಮೆರಿಕ ಪಾಕಿಸ್ತಾನದ ಸಿಯಾಲ್‌ಕೋಟ್‌ನ ಶಸ್ತ್ರಚಿಕಿತ್ಸಾ ಉಪಕರಣಗಳ ಆಮದನ್ನು ನಿರ್ಬಂಧಿಸಿದಾಗ, ಅಲ್ಲಿನ ಸಣ್ಣ ತಯಾರಕರು ಸಂಘದ ಮೂಲಕ ಒಟ್ಟಾಗಿ ಗುಣಮಟ್ಟ ಸುಧಾರಿಸಿಕೊಂಡು ಮಾರುಕಟ್ಟೆ ಉಳಿಸಿಕೊಂಡರು. 2019ರಲ್ಲಿ ಭೌಗೋಳಿಕ ಸೂಚಿಕೆ (ಊರಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ) ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆಯ ಹೆಸರನ್ನು ಕಾಯಬೇಕಾದರೂ ಇಂಥ ಪರೀಕ್ಷೆ ಬೇಕು.

ಕೊನೆಯದಾಗಿ, ಯಂತ್ರದ ಬಾಡಿಗೆ, ಸರದಿ, ದುರಸ್ತಿ ನಿಧಿ, ನುರಿತ ಆಪರೇಟರ್‌ನ ಸಂಬಳ ಇವೆಲ್ಲವನ್ನೂ ಸಂಸ್ಥೆಯ ನೋಂದಣಿಗೆ ಮುನ್ನವೇ ಬರೆದು, ದೊಡ್ಡ ಗಿರಣಿಯವರೇ ಸುಗ್ಗಿಯ ಸರದಿಯನ್ನೆಲ್ಲ ಹಿಡಿಯದಂತೆ ಮಿತಿ ಹಾಕಿ, ಎಲ್ಲರ ಸಹಿ ಪಡೆಯಿರಿ.