ಮೆಕ್ಕೆಜೋಳದ ಹೊಲದಲ್ಲಿ ಬಿ.ಎಸ್ಸಿ. ಪ್ರಾಜೆಕ್ಟ್: ಲದ್ದಿ ಹುಳು ಎಣಿಸುವ ಕ್ರಮ

ದಾವಣಗೆರೆಯಲ್ಲಿ ಜೀವಶಾಸ್ತ್ರ ಓದುವವರಿಗೆ ಸಂಶೋಧನಾ ವಿಧಾನ ಕಲಿಯಲು ದುಬಾರಿ ಉಪಕರಣ ಬೇಕಿಲ್ಲ. ಮುಂಗಾರಿನಲ್ಲಿ ಜಗಳೂರಿನ ಕಡೆಗೋ ಹೊಳಲ್ಕೆರೆಯ ಕಡೆಗೋ ಬಸ್ ಹತ್ತಿದರೆ ಮೆಕ್ಕೆಜೋಳದ ಹೊಲ ಬೇಕಾದಷ್ಟು ಸಿಗುತ್ತವೆ, ಅವುಗಳ ಸುಳಿಯಲ್ಲಿ ಲದ್ದಿ ಹುಳು, ಅಂದರೆ ಫಾಲ್ ಸೈನಿಕ ಹುಳುವೂ ಸಿಗುತ್ತದೆ. ಈ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ಕರ್ನಾಟಕದಿಂದಲೇ.

‘ಲದ್ದಿ ಹುಳುವಿನ ಅಧ್ಯಯನ’ ಎಂಬುದು ಶೀರ್ಷಿಕೆ ಆದೀತು, ಪ್ರಶ್ನೆ ಆಗದು. ಉತ್ತರ ಸಿಗುವಂತೆ ಕೇಳಿ: ತೊಗರಿ ಅಕ್ಕಡಿ (ಸಾಲುಗಳ ನಡುವಿನ ಮಿಶ್ರ ಬೆಳೆ) ಹಾಕಿದ ಹೊಲದಲ್ಲಿ ಹುಳು ಬಿದ್ದ ಗಿಡಗಳ ಪ್ರಮಾಣ ಬರೀ ಮೆಕ್ಕೆಜೋಳದ ಹೊಲಕ್ಕಿಂತ ಕಡಿಮೆಯೇ?

ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲಿಂದ ಮುಂದೆ. ಒಂದು ಅಕ್ಕಡಿ ಹೊಲ, ಒಂದು ಬರೀ ಹೊಲ ಆರಿಸಿ, ತಲಾ 400 ಗಿಡ ನೋಡಿ, ‘ಮಾದರಿ ಗಾತ್ರ 800’ ಎಂದು ಬರೆಯುತ್ತಾರೆ. ಅಕ್ಕಡಿ ಹಾಕುವುದು ಹೊಲಕ್ಕೆ, ಗಿಡಕ್ಕಲ್ಲ. ಹಾಗಾಗಿ ಅಲ್ಲಿ ಹೋಲಿಕೆಗೆ ಇರುವುದು ಎರಡೇ ಹೊಲ. ವ್ಯತ್ಯಾಸ ಕಂಡರೂ ಅದು ತೊಗರಿಯಿಂದ ಬಂತೋ, ಬಿತ್ತನೆ ದಿನದಿಂದಲೋ, ಬೀಜೋಪಚಾರದಿಂದಲೋ ಹೇಳಲು ಬರುವುದಿಲ್ಲ.

ಅದೇ ದುಡಿಮೆಯನ್ನು ಜೋಡಿಗಳಾಗಿ ಹಂಚಿ. ಒಂದೇ ಊರಿನ ಒಂದು ಅಕ್ಕಡಿ ಹೊಲ, ಹತ್ತಿರದ ಒಂದು ಬರೀ ಹೊಲ. ಎರಡರ ಬಿತ್ತನೆಯ ಅಂತರ ಒಂದು ವಾರ ಮೀರದಿರಲಿ. 5 ಜೋಡಿ ಸಾಲದು. ಐದೂ ಒಂದೇ ದಿಕ್ಕಿಗೆ ವಾಲಿದರೂ ಜೋಡಿಗಳ ವ್ಯತ್ಯಾಸ ಅಳೆಯುವ ವಿಲ್ಕಾಕ್ಸನ್ ಜೋಡಿ ಪರೀಕ್ಷೆಯ ಎರಡು ಬದಿಯ ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದೆಯೂ ಇಂಥ ಫಲಿತಾಂಶ ಬರುವ ಸಾಧ್ಯತೆ) 0.0625ಕ್ಕಿಂತ ಕೆಳಗೆ ಇಳಿಯದು, ರೂಢಿಯ ಮಿತಿ 0.05. 6 ಜೋಡಿಗೆ ಅದು 0.031, ಆದರೆ ಒಂದೇ ಒಂದು ಜೋಡಿ ತಿರುಗಿದರೂ ಕೈ ತಪ್ಪುತ್ತದೆ. 8 ಜೋಡಿ, ಹೊಲಕ್ಕೆ 50 ಗಿಡ ಇಟ್ಟುಕೊಳ್ಳಿ. ಎಣಿಕೆ ಆಗಲೂ 800 ಗಿಡವೇ.

ಹೊಲಕ್ಕೆ ಇಳಿಯುವ ಮೊದಲು ಯಜಮಾನರ ಒಪ್ಪಿಗೆ ಪಡೆದು ನಾಲ್ಕು ಸಂಗತಿ ಬರೆದುಕೊಳ್ಳಿ: ಬಿತ್ತಿದ ದಿನ, ತಳಿ, ಬೀಜೋಪಚಾರ, ಔಷಧಿ ಹೊಡೆದ ದಿನ ಮತ್ತು ಹೆಸರು. ‘ಔಷಧಿ ಹೊಡೆದಿದ್ದೀರಾ?’ ಎಂದರೆ ‘ಹೂಂ’ ಎಂಬಲ್ಲಿಗೆ ಮಾತು ಮುಗಿಯುತ್ತದೆ; ‘ಯಾವಾಗ ಹೊಡೆದ್ರಿ, ಡಬ್ಬಿ ಇದೆಯಾ?’ ಎಂದು ಕೇಳಿ. ಹೊಸದಾಗಿ ಹೊಡೆದ ಹೊಲಕ್ಕೆ ಇಳಿಯಬೇಡಿ. ಆ ಜೋಡಿಯನ್ನೇ ಬದಲಿಸಿ.

ಬಿತ್ತಿ 20ರಿಂದ 35 ದಿನದೊಳಗಿನ ಬೆಳೆ ಒಳ್ಳೆಯದು. ಬೆಳಿಗ್ಗೆ 7ರಿಂದ 10ರವರೆಗೆ ನೋಡಿ, ಬಿಸಿಲೇರಿದಂತೆ ಹುಳು ಸುಳಿಯ ಆಳಕ್ಕೆ ಇಳಿಯುತ್ತದೆ. ಜೋಡಿಯ ಎರಡೂ ಹೊಲ ಒಂದೇ ಬೆಳಿಗ್ಗೆ ಮುಗಿಯಲಿ. ನಡುವೆ ಜೋರು ಮಳೆ ಬಂದು ಸುಳಿಯಲ್ಲಿ ನೀರು ನಿಂತರೆ ಮರಿ ಹುಳು ಸಾಯುತ್ತವೆ, ಹೋಲಿಕೆ ಕೆಡುತ್ತದೆ.

ಬದುವಿನಿಂದ 5 ಮೀಟರ್ ಒಳಗೆ ಹೋಗಿ ಡಬ್ಲ್ಯು ಆಕಾರದಲ್ಲಿ ನಡೆಯಿರಿ. ಅದರ ತುದಿ, ತಿರುವು ಸೇರಿ ಐದು ಕಡೆ ನಿಂತು, ಬಲಗಾಲಿಗೆ ಹತ್ತಿರದ ಗಿಡದಿಂದ ಶುರು ಮಾಡಿ. ಕಣ್ಣು ಹರಿದ ಎಲೆಯ ಕಡೆಗೇ ಓಡುತ್ತದೆ, ಅದಕ್ಕೇ ಈ ಬಲಗಾಲಿನ ನಿಯಮ. ಸಾಲಿನಲ್ಲಿ ಒತ್ತೊತ್ತಾಗಿ ಹತ್ತು ಗಿಡ ಬೇಡ, ಪ್ರತಿ ಮೂರನೆಯದನ್ನು ನೋಡಿ. ಪತಂಗ ಒಂದೇ ಕಡೆ ನೂರಾರು ಮೊಟ್ಟೆಯ ಗುಂಪು ಇಡುತ್ತದೆ, ಮರಿಗಳು ಅಲ್ಲಿಂದ ಅಕ್ಕಪಕ್ಕದ ಗಿಡಗಳಿಗೆ ಹರಡುತ್ತವೆ. ಒತ್ತಿನ ಗಿಡ ಎಣಿಸಿದರೆ ಒಂದೇ ಸಂಸಾರವನ್ನು ಹತ್ತು ಸಲ ಎಣಿಸಿದ ಹಾಗೆ.

ಪ್ರತಿ ಗಿಡಕ್ಕೂ ಮೂರು ಅಂಕಣ: ಸುಳಿಯ ಹೊಸ ಮೂರು ಎಲೆಯಲ್ಲಿ ಹಾನಿ, ಹಸಿ ಲದ್ದಿ, ಜೀವಂತ ಹುಳು. ಹಳೆ ಎಲೆಯ ತೂತು ಲೆಕ್ಕಕ್ಕಿಲ್ಲ, ಅದನ್ನು ಮಾಡಿದ ಹುಳು ಎಂದೋ ಸತ್ತಿರಬಹುದು. ಇಲ್ಲದಿದ್ದರೆ 0 ಬರೆಯಿರಿ. ಖಾಲಿ ಬಿಟ್ಟರೆ ಇಲ್ಲವೋ, ನೋಡಲಿಲ್ಲವೋ ಆಮೇಲೆ ತಿಳಿಯದು. ಇಬ್ಬನಿಗೆ ಪೆನ್ನು ಹರಡುತ್ತದೆ, ಪೆನ್ಸಿಲ್ಲೇ ಇರಲಿ.

ದೊಡ್ಡ ಹುಳುವಿನ ಗುರುತು: ತಲೆಯ ಮೇಲೆ ತಲೆಕೆಳಗಾದ ‘ವೈ’, ಹಿಂಬದಿಯಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ. ಸಂಶಯವಿದ್ದುದನ್ನು ಬೇರೆ ಬೇರೆ ಸೀಸೆಯಲ್ಲಿ ತನ್ನಿ, ಒಟ್ಟಿಗೆ ಹಾಕಿದರೆ ಒಂದನ್ನೊಂದು ತಿನ್ನುತ್ತವೆ. ನೇರ ಆಲ್ಕೋಹಾಲ್‌ಗೆ ಹಾಕಿದರೆ ಕಪ್ಪಾಗುತ್ತವೆ. ಮೊದಲು ಒಂದು ನಿಮಿಷ ಕುದಿನೀರು, ಆಮೇಲೆ ಶೇ. 70ರ ಆಲ್ಕೋಹಾಲ್. ಶೇ. 95ರದ್ದು 70 ಮಿ.ಲೀ. ತೆಗೆದುಕೊಂಡು ನೀರು ಸೇರಿಸಿ ಒಟ್ಟು 95 ಮಿ.ಲೀ. ಮಾಡಿದರೆ ಆಯಿತು. ಚೀಟಿ ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ.

ಇಬ್ಬರು ಎಣಿಸುವುದಾದರೆ ಮೊದಲ ದಿನ ಒಂದೇ 50 ಗಿಡವನ್ನು ಇಬ್ಬರೂ ಒಬ್ಬರ ಹಾಳೆ ಒಬ್ಬರು ನೋಡದೆ ಗುರುತಿಸಿ. 40ರಲ್ಲಿ ಹೊಂದಿದರೆ ಶೇ. 80 ಎಂದು ಹಿಗ್ಗಬೇಡಿ. ಇಬ್ಬರೂ 30 ಗಿಡಕ್ಕೆ ‘ಹಾನಿ’ ಎಂದಿದ್ದರೆ ಬರೀ ಆಕಸ್ಮಿಕವಾಗಿಯೇ ಶೇ. 52 ಹೊಂದುತ್ತದೆ, ಆ ಆಕಸ್ಮಿಕವನ್ನು ಕಳೆದು ಹೊಂದಿಕೆ ಅಳೆಯುವ ಕಪ್ಪಾ ಮೌಲ್ಯ ಬರುವುದು 0.58. ‘ಹಾನಿ’ ಎಂದರೇನು ಎಂಬುದನ್ನು ಕೂತು ತೀರ್ಮಾನಿಸಿ ಇನ್ನೊಮ್ಮೆ ಎಣಿಸಿ.

ಎಕ್ಸೆಲ್‌ನಲ್ಲಿ ಗಿಡಕ್ಕೊಂದು ಸಾಲು ತುಂಬಿ, ಹೊಲಕ್ಕೊಂದು ಶೇಕಡಾವಾರು ತೆಗೆದು, ಆ 8 ಜೋಡಿಯನ್ನು ಪರೀಕ್ಷೆಗೆ ಹಾಕಿ. ನಕ್ಷೆಯಲ್ಲಿ ಸರಾಸರಿಯ ಎರಡು ಕಂಬ ನಿಲ್ಲಿಸುವುದಕ್ಕಿಂತ 16 ಚುಕ್ಕೆ ಇಟ್ಟು ಪ್ರತಿ ಜೋಡಿಯನ್ನು ಗೆರೆಯಿಂದ ಸೇರಿಸಿ. ಯಾವ ಊರಿನ ಜೋಡಿ ಉಲ್ಟಾ ಹೊರಳಿದೆ ಎಂಬುದು ಕಾಣುತ್ತದೆ, ವೈವಾದಲ್ಲಿ ಕೇಳುವುದೂ ಅದನ್ನೇ.