ಎರೆ ಮಣ್ಣಿನಲ್ಲಿ ಲೋಳೆಸರ ಯಾಕೆ ಕೊಳೆಯುತ್ತದೆ?

ಬಾಗಿಲ ಮೇಲೆ ದೃಷ್ಟಿಗೆ ಅಂತ ತಲೆಕೆಳಗಾಗಿ ಕಟ್ಟಿದ ಲೋಳೆಸರ ನೋಡಿದ್ದೀರಿ ಅಲ್ವಾ? ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಅದಕ್ಕೆ ಬೇಕಾದ ನೀರು ಎಲೆಯೊಳಗೇ ಇದೆ. ಅದನ್ನೇ ಇಳಿಸಿ ಅಂಗಳದ ಎರೆ ಮಣ್ಣಿಗೆ ನೆಟ್ಟು, ದಿನಾ ಒಂದು ಚೊಂಬು ನೀರು ಹಾಕಿ. ಮಳೆಗಾಲ ಮುಗಿಯುವುದರೊಳಗೆ ಬುಡ ಕೊಳೆತಿರುತ್ತದೆ. ಮದುವೆಯಾಗಿ ರಾಯಚೂರಿಗೆ ಬಂದ ಹೊಸತರಲ್ಲಿ ನಾನೂ ಹೀಗೇ ಆರು ಗಿಡ ಕಳೆದುಕೊಂಡೆ. ತುಂಬಾ ಸಂಕಟವಾಗಿತ್ತು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇರೂರಿದ ಕಳ್ಳಿ, ಕತ್ತಾಳೆಗಳು ಅದನ್ನು ತಡೆಯುತ್ತವೆ. ಬುಡದಲ್ಲಿ ನಿಂತ ನೀರನ್ನು ಮಾತ್ರ ತಡೆಯಲಾರವು. ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಹಿಂಗಾರಿ ಜೋಳಕ್ಕೆ ಅದು ಬೇಕು, ಇವುಗಳಿಗೆ ಬೇಡ. ಒಂದು ಬುಟ್ಟಿ ಮಸಾರಿ ಮಣ್ಣಿಗೆ, ಅಂದರೆ ಕೆಂಪು ಮಣ್ಣಿಗೆ, ಒಂದು ಬುಟ್ಟಿ ದಪ್ಪ ಮರಳು ಬೆರೆಸಿ, ಗೇಣುದ್ದ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ನೆಡಿ. ಬೇಸಿಗೆಯಲ್ಲಿ 8-10 ದಿನಕ್ಕೊಮ್ಮೆ ಸಂಜೆ ನೀರು ಸಾಕು. ಎಲೆ ಸುಕ್ಕಾದರೆ ಬಾಯಾರಿದೆ ಅಂತ ತಿಳಿಯಿರಿ. ಹಳದಿಯಾಗಿ ಮೆತ್ತಗಾದರೆ ನೀರು ಜಾಸ್ತಿಯಾಗಿದೆ.

ಕಳ್ಳಿಯ ತುಂಡನ್ನು ಮುರಿದ ಕೈಯಲ್ಲೇ ನೆಡಬೇಡಿ. ಐದಾರು ದಿನ ನೆರಳಲ್ಲಿಡಿ. ಮುರಿದ ಜಾಗ ಒಣಗಿ ಸಿಪ್ಪೆ ಕಟ್ಟಬೇಕು. ಕಾಡುಬಸಳೆಗೆ ಇಷ್ಟೂ ಬೇಡ, ಎಲೆಯನ್ನು ಮಣ್ಣಿನ ಮೇಲೆ ಸುಮ್ನೆ ಇಟ್ಟರೂ ಅಂಚಿನಲ್ಲಿ ಮರಿ ಬರುತ್ತದೆ.

ತರುವ ಮೊದಲು ಯಾವ ಗಿಡ ಅಂತ ಗುರುತು ಹಿಡಿಯಿರಿ. ಲೋಳೆಸರದ ಎಲೆ ಪಟ್ಟನೆ ಮುರಿದು ಲೋಳೆ ಸುರಿಯುತ್ತದೆ. ಕತ್ತಾಳೆ ಎಲೆಯಲ್ಲಿ ಗಟ್ಟಿ ನಾರು, ಸುಲಭಕ್ಕೆ ಮುರಿಯುವುದಿಲ್ಲ. ಕತ್ತಾಳೆ ಎಷ್ಟೋ ವರ್ಷಕ್ಕೆ ಒಂದೇ ಸಲ ಉದ್ದನೆಯ ಕಂಬದಂತೆ ಹೂ ಬಿಟ್ಟು ಒಣಗುತ್ತದೆ. ಆಗ ಗಾಬರಿಯಾಗಬೇಡಿ, ಬುಡದ ಸುತ್ತ ಮರಿಗಳಿದ್ದರೆ ಕಿತ್ತು ನೆಡಿ. ಚಪ್ಪಟೆ ಪಾಪಾಸುಕಳ್ಳಿಯಲ್ಲಿ ಒಂದೊಂದು ಚುಕ್ಕೆಯಿಂದ ಮುಳ್ಳಿನ ಗೊಂಚಲು ಏಳುತ್ತದೆ. ಗೀರಿದರೆ ಹಾಲು ಬರುವುದಿಲ್ಲ.

ಹಾಲು ಬಂದರೆ ಹುಷಾರು. ಕಡ್ಡಿಕಳ್ಳಿಯ ಬೆಳ್ಳನೆಯ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದರೆ ಉಜ್ಜಬೇಡಿ. ನಲ್ಲಿ ನೀರಲ್ಲಿ ಬಹಳ ಹೊತ್ತು ತೊಳೆದು ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೊಮ್ಮಕ್ಕಳು ಓಡಾಡುವ ಕಡೆ ಅದನ್ನು ನಾನು ನೆಡುವುದಿಲ್ಲ. ಹಿತ್ತಲ ಬೇಲಿಗೆ ಮಾತ್ರ, ಅದೂ ಕೈಗವಸು ಹಾಕಿಕೊಂಡು.