ಕೋಡಿ ಹಿಡಿದು ಹೊರಟವನ ಲೆಕ್ಕ

ಬೆಂಗಳೂರಿನಲ್ಲಿ ಪಾಯ ತೋಡಿಸುವ ಮೊದಲು ಹಿಂದೆ ನೀರು ಹರಿಯುತ್ತಿದ್ದ ದಾರಿ ಹುಡುಕಲು ನಾನು ಹಳೆಯ ಗ್ರಾಮ ನಕ್ಷೆ ಹರಡಿಕೊಂಡು ಕೂತರೆ ಜೊತೆಯ ಎಂಜಿನಿಯರುಗಳು ನಗುತ್ತಿದ್ದರು. ಮಣ್ಣು ಪರೀಕ್ಷೆ ಸಾಲದೇ, ಪುರಾಣ ಏಕೆ ಎನ್ನುವುದು ಅವರ ಮಾತು. 2022ರ ಸೆಪ್ಟೆಂಬರ್ ಮಳೆಗೆ ಬಡಾವಣೆಗಳು ಮುಳುಗಿದ ನಂತರ ಅವರಲ್ಲೇ ಕೆಲವರು ಸರ್ವೆ ನಂಬರ್ ಕಳುಹಿಸಿ 'ಸ್ವಲ್ಪ ನೋಡಿ' ಎಂದರು.

ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದ್ದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಊರು ಒಂದರ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ, ಇನ್ನೊಂದಕ್ಕೆ ಇಳಿಯುವ ಕೆರೆಗಳ ಮೇಲೆ ಬದುಕಿತು. 1896ರ ಸುಮಾರಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ ಒಳಗಿನ ಕೆರೆಗಳು ಯಾರಿಗೂ ಬೇಡವಾದವು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸಪಾಟು ನೆಲ ಸಿಕ್ಕರೆ ಯಾರು ಬಿಡುತ್ತಾರೆ? ಇದೆಲ್ಲ ನಿಮಗೆ ಗೊತ್ತಿರುವುದೇ. ಎಲ್ಲರೂ ನಿವೇಶನ ಕೆರೆ ಅಂಗಳದಲ್ಲಿದೆಯೇ ಎಂದು ಮಾತ್ರ ನೋಡುತ್ತಾರೆ. ನಾನು ನೋಡುವುದು ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಬಾಯಿಯವರೆಗಿನ ಕಾಲುವೆಯ ದಾರಿಯನ್ನು. ಮನೆ ಮುಳುಗುವುದು ಹೆಚ್ಚಾಗಿ ಅಲ್ಲೇ.

ಹಳೆಯ ನಕ್ಷೆಯನ್ನು ನೆಲಕ್ಕೆ ಕೂರಿಸುವುದರಲ್ಲೇ, ಅಂದರೆ ಅದರ ಗುರುತುಗಳನ್ನು ಇಂದಿನ ಜಾಗಕ್ಕೆ ಹೊಂದಿಸುವುದರಲ್ಲೇ, ನನ್ನ ಅರ್ಧ ಆಯುಷ್ಯ ಹೋಯಿತು. ಮೊದಲು ರಸ್ತೆಯ ಮೂಲೆಗಳನ್ನು ಹಿಡಿದೆ. ಅಗಲೀಕರಣವಾದ ರಸ್ತೆಗಳು ಮೂವತ್ತು, ನಲವತ್ತು ಮೀಟರ್ ದಾರಿ ತಪ್ಪಿಸಿದವು. ಕಾಲುವೆಯ ಅಗಲವೇ ಅಷ್ಟಿರುವುದಿಲ್ಲ! ಕೆಂಪೇಗೌಡರ ಕಾವಲು ಗೋಪುರಗಳು ಊರಿನ ನಕ್ಷೆಗೆ ಚೆನ್ನಾಗಿ ಒದಗುತ್ತವೆ, ಹಳ್ಳಿ ಹಾಳೆಗೆ ಪ್ರಯೋಜನವಿಲ್ಲ. ಕೊನೆಗೆ ಕೈ ಹಿಡಿದವು ಮೂರು ಗ್ರಾಮಗಳ ಗಡಿ ಕೂಡುವ ಕಲ್ಲುಗಳು ಮತ್ತು ಕೆರೆ ಏರಿಗಳು. ಏರಿಯ ಮೇಲೆ ರಸ್ತೆ ಓಡುತ್ತಿರುವುದರಿಂದ ಅದನ್ನು ಯಾರೂ ಅಗೆದು ಹಾಕಿಲ್ಲ. ಒಂದು ಕಲ್ಲು ಯಾರದೋ ಕಾಂಪೌಂಡಿನೊಳಗೆ ಬಟ್ಟೆ ಒಗೆಯುವ ಹಾಸಾಗಿತ್ತು; ಸದ್ಯ, ಜಾಗ ಬಿಟ್ಟು ಕದಲಿರಲಿಲ್ಲ. ತಪ್ಪು ಐದಾರು ಮೀಟರಿಗೆ ಇಳಿಯಿತು. ಬಟ್ಟೆಗೆ ಅಂಟಿಸಿದ ಹಾಳೆ ಕುಗ್ಗಿರುತ್ತದೆ, ಎರಡು ಹಳ್ಳಿಗಳ ಅಂಚು ಕೂಡುವುದಿಲ್ಲ. ಅದನ್ನು ನಾನು ಸರಿಪಡಿಸುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಖರ್ಚು? ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ತರುವ ಸರ್ವೆಯವರಿಗೆ ದಿನಕ್ಕೆ ಎಂಟು, ಹತ್ತು ಸಾವಿರ. ಸರ್ಜಾಪುರ ರಸ್ತೆಯ ಕಡೆ ಒಬ್ಬರಿಗೆ ನೆಲಮಟ್ಟವನ್ನು ಮೂರಡಿ ಏರಿಸಿ, ನೆಲಮಾಳಿಗೆ ಕೈಬಿಡಿ ಎಂದೆ. ಆರು ಲಕ್ಷ ಹೆಚ್ಚಾಯಿತೆಂದು ಮುಖ ಸಿಂಡರಿಸಿಕೊಂಡರು, ನನ್ನ ಕೊನೆಯ ಕಂತನ್ನೂ ತಡೆದರು. ಆ ಮಳೆಯಲ್ಲಿ ಪಕ್ಕದ ಕಟ್ಟಡದವರು ನೀರೆತ್ತಲು, ಲಿಫ್ಟ್ ಮೋಟಾರ್ ಬದಲಿಸಲು ಅದರ ಎರಡರಷ್ಟು ಸುರಿದರು. ಇವರ ಮನೆಯ ಮೆಟ್ಟಿಲು ಎರಡು ಮಾತ್ರ ನೆನೆದವು. ಕಂತು ಮರುವಾರವೇ ಬಂತು.

ಕುತೂಹಲಕ್ಕೆಂದು ಪ್ಲೇಗಿನ ಕಾಲದ ಬಡಾವಣೆಗಳನ್ನೂ ಇದೇ ರೀತಿ ಪರೀಕ್ಷಿಸಿದೆ. ಬಸವನಗುಡಿ, ಮಲ್ಲೇಶ್ವರ ಎರಡನ್ನೂ ಎತ್ತರದಲ್ಲೇ ಹಾಕಿದ್ದಾರೆ. ಮನೆಗಳ ಹಿಂದಿನ ಸಣ್ಣ ಓಣಿಗಳು ಇಳಿಜಾರು ಕಾಯ್ದುಕೊಂಡಿವೆ. ಅಲ್ಲಿ ನನಗೆ ಗಿರಾಕಿಗಳೇ ಹುಟ್ಟುವುದಿಲ್ಲ. ಹಳೆಯ ಕೆರೆ ಅಂಗಳದಲ್ಲಿ ಕೊಳವೆಬಾವಿಗೆ ನೀರು ಬೇಗ ಸಿಗುತ್ತದೆಯೇ ಎಂದೂ ನೋಡಿದೆ. ಒಂದಕ್ಕೊಂದು ತಾಳೆಯಾಗಲಿಲ್ಲ, ದುಡ್ಡು ದಂಡ. ಈಗ ಹೊಸಕೋಟೆ ಕಡೆಯ ಹಾಳೆಗಳನ್ನು ಕೂರಿಸುತ್ತಿದ್ದೇನೆ. ಅಲ್ಲಿ ಬಡಾವಣೆಗೆಂದು ಬೇಲಿ ಹಾಕಿದ್ದಾರೆ, ಆದರೆ ಕೋಡಿಗಳು ಇನ್ನೂ ಕಣ್ಣಿಗೆ ಕಾಣುತ್ತವೆ.